ಸೆಲ್ಸಸನ ಪ್ರಶ್ನೆ ಮತ್ತು ಪೆನ್ಸಿಲ್ವೇನಿಯದ ಕ್ವೇಕರರು: ಆತ್ಮರಕ್ಷಣೆಯನ್ನು ಕುರಿತ ಕ್ರೈಸ್ತ ವಿಚಾರದ ಒಂದು ಅಧ್ಯಾಯ

ಹಿಂಸೆಗೆ ಗುರಿಯಾದ ಕ್ರೈಸ್ತನು ಏನು ಮಾಡತಕ್ಕದ್ದು ಎಂಬ ಪ್ರಶ್ನೆ ಆ ಮತದಷ್ಟೇ ಹಳೆಯದು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡಬೇಕೆಂಬ ಬೋಧನೆ ಮತ್ತಾಯನ ಸುವಾರ್ತೆಯಲ್ಲಿದೆ. ಕತ್ತಿಯಿಲ್ಲದವನು ಮೈಮೇಲಣ ವಸ್ತ್ರವನ್ನು ಮಾರಿಯಾದರೂ ಅದನ್ನು ಕೊಳ್ಳಲಿ ಎಂಬರ್ಥದ ಮಾತು ಲೂಕನ ಸುವಾರ್ತೆಯಲ್ಲಿದೆ. ದೊರೆತನ ಮಾಡುವವನು ಕತ್ತಿಯನ್ನು ಧರಿಸಿರುವುದು ವ್ಯರ್ಥವಾಗಿ ಅಲ್ಲವೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಈ ಮೂರು ವಾಕ್ಯಗಳನ್ನು ಒಂದಕ್ಕೊಂದು ಹೊಂದಿಸುವ ಪ್ರಯತ್ನವೇ ಈ ವಿಷಯದಲ್ಲಿ ಹುಟ್ಟಿದ ಅಪಾರ ಸಾಹಿತ್ಯದ ಬಹುಭಾಗವೆನ್ನಬಹುದು. ಪ್ರಕೃತ ಲೇಖನದಲ್ಲಿ ನಾವು ಆ ಸಾಹಿತ್ಯವನ್ನೆಲ್ಲ ಸಮೀಕ್ಷಿಸಲು ಹೊರಟಿಲ್ಲ. ದೇವರ ರಕ್ಷಣೆಯನ್ನೇ ನಂಬಿ ಶಸ್ತ್ರವನ್ನು ತ್ಯಜಿಸಿದ ಒಂದು ಪಂಥವು ಒಂದು ನಾಡಿನ ಶಾಸನಾಧಿಕಾರವನ್ನೂ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿಟ್ಟುಕೊಂಡಿದ್ದ ಅಪೂರ್ವ ಸಂದರ್ಭವೊಂದನ್ನು ಆರಿಸಿಕೊಂಡು, ಅಲ್ಲಿ ಆ ನಂಬಿಕೆಗೆ ಏನಾಯಿತೆಂಬುದನ್ನು ಪರಿಶೀಲಿಸುವುದಷ್ಟೇ ನಮ್ಮ ಉದ್ದೇಶ.

ಆ ಸಂದರ್ಭದ ಮಹತ್ತ್ವ ತಿಳಿಯಬೇಕಾದರೆ ಮೊದಲು ಎರಡನೆಯ ಶತಮಾನಕ್ಕೆ ಹಿಂದಿರುಗಬೇಕಾಗುತ್ತದೆ. ಸುಮಾರು ಕ್ರಿ.ಶ. ೧೭೮ರಲ್ಲಿ ಸೆಲ್ಸಸನೆಂಬ ಗ್ರೀಕ್ ತತ್ತ್ವಜ್ಞನು ಕ್ರೈಸ್ತಮತವನ್ನು ಖಂಡಿಸಿ ಗ್ರಂಥವೊಂದನ್ನು ಬರೆದನು. ಎಲ್ಲರೂ ಕ್ರೈಸ್ತರಂತೆ ನಡೆದುಕೊಂಡರೆ ಚಕ್ರವರ್ತಿಯು ಒಂಟಿಯಾಗುವನು, ಸಾಮ್ರಾಜ್ಯವು ಬರ್ಬರರ ಪಾಲಾಗುವುದು, ಆಗ ಇವರ ಮತವೂ ಉಳಿಯದು ಎಂಬುದು ಅವನ ಆಕ್ಷೇಪಗಳಲ್ಲಿ ಒಂದು. ಸುಮಾರು ೨೪೮ರಲ್ಲಿ ಇದಕ್ಕೆ ಉತ್ತರವಿತ್ತ ಆರಿಜೆನನು, ಕ್ರೈಸ್ತರು ಸೈನ್ಯಕ್ಕೆ ಸೇರದಿದ್ದರೂ ಅರ್ಚಕರಂತೆ ಪ್ರಾರ್ಥನೆಯಿಂದಲೇ ಚಕ್ರವರ್ತಿಗೆ ನೆರವಾಗುತ್ತಾರೆಂದೂ, ಎಲ್ಲರೂ ಕ್ರೈಸ್ತರಾದ ಪಕ್ಷದಲ್ಲಿ ದೇವರೇ ಅವರನ್ನು ಕಾಯುವನೆಂದೂ ವಾದಿಸಿದನು. ಹತ್ತು ಮಂದಿ ನೀತಿವಂತರಿದ್ದಿದ್ದರೆ ಸೊದೋಮ್ ಪಟ್ಟಣವು ಉಳಿಯುತ್ತಿತ್ತೆಂಬ ಹಳೆಯ ಒಡಂಬಡಿಕೆಯ ಕಥೆಯ ಬಲವೂ ಇಂಥ ವಾದದ ಹಿಂದಿತ್ತು. ಆರಿಜೆನನ ಉತ್ತರ ಗಂಭೀರವಾದುದು. ಆದರೆ ಅದನ್ನು ಪರೀಕ್ಷಿಸುವ ಅವಕಾಶ ಅಂದು ಯಾರಿಗೂ ಇರಲಿಲ್ಲ. ಗಡಿಯನ್ನು ಕಾಯುವ ಹೊಣೆ ಕ್ರೈಸ್ತರದಾಗಿರಲಿಲ್ಲ.

ಮುಂದಿನ ಶತಮಾನದಲ್ಲಿ ಚಕ್ರವರ್ತಿಯೇ ಕ್ರೈಸ್ತನಾದಾಗ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. ಪ್ರಾಂತ್ಯಾಧಿಕಾರಿಯಾಗಿದ್ದು ಬಳಿಕ ಮಿಲಾನಿನ ಬಿಷಪ್ಪನಾದ ಆಂಬ್ರೋಸನು, ಕಳ್ಳನು ಮೇಲೆಬಿದ್ದಾಗ ತನ್ನ ಪ್ರಾಣಕ್ಕಾಗಿ ತಿರುಗಿ ಹೊಡೆಯುವುದು ಸಜ್ಜನನಿಗೆ ತಕ್ಕುದಲ್ಲವೆಂದೂ, ಶಕ್ತಿಯಿದ್ದರೂ ಸಹಚರನನ್ನು ಅನ್ಯಾಯದಿಂದ ಕಾಪಾಡದವನು ಅನ್ಯಾಯ ಮಾಡಿದವನಷ್ಟೇ ದೋಷಿಯೆಂದೂ ತೀರ್ಮಾನಿಸಿದನು. ಅವನ ಪ್ರಭಾವಕ್ಕೆ ಒಳಗಾಗಿದ್ದ ಅಗಸ್ಟೀನನು ೩೯೮ರ ಸುಮಾರಿನಲ್ಲಿ ಪಬ್ಲಿಕೋಲನೆಂಬವನಿಗೆ ಬರೆದ ಪತ್ರದಲ್ಲಿ ಇದೇ ದಾರಿಯನ್ನು ಹಿಡಿದಿದ್ದಾನೆ. ತನ್ನನ್ನು ಕೊಲ್ಲಲು ಬಂದವನನ್ನು ಕೊಲ್ಲುವುದು ಅವನಿಗೆ ಸಮ್ಮತವಲ್ಲ. ಕೊಲ್ಲುವವನು ಸೈನಿಕನೋ ಅಧಿಕಾರಿಯೋ ಆಗಿದ್ದು ಪರರಿಗಾಗಿ ಹಾಗೆ ಮಾಡಿದರೆ ಮಾತು ಬೇರೆ. ಇಂದು ಸಾಮಾನ್ಯವಾಗಿ ನಡೆಯುವ ಚರ್ಚೆಗಳಲ್ಲಿ ಆತ್ಮರಕ್ಷಣೆಯೇ ಸುಲಭವಾಗಿ ಸಮರ್ಥಿಸಬಹುದಾದ ಹಿಂಸೆಯೆಂದು ಭಾವಿಸಲಾಗುತ್ತದೆಯಷ್ಟೆ. ಈ ಇಬ್ಬರಿಗೆ ಅದೇ ಎಲ್ಲಕ್ಕಿಂತ ಕಷ್ಟದ್ದಾಗಿ ತೋರಿತೆಂಬುದು ವಿಚಾರಾರ್ಹವಾದ ಸಂಗತಿ. ತನ್ನ ಪ್ರಾಣವನ್ನು ದೇವರಿಗೆ ಒಪ್ಪಿಸಬಹುದು, ನೆರೆಯವನ ಪ್ರಾಣವನ್ನು ಅವನ ಪರವಾಗಿ ತಾನು ಒಪ್ಪಿಸಿಬಿಡಲಾಗದು ಎಂಬ ವಿವೇಚನೆ ಇದರ ತಳದಲ್ಲಿದೆ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವೈನಾಸನು ಮಿತವಾದ ಬಲಪ್ರಯೋಗದಿಂದ ತನ್ನನ್ನು ಕಾಪಾಡಿಕೊಳ್ಳುವುದನ್ನು ನ್ಯಾಯವೆಂದು ಒಪ್ಪಿದ ಮೇಲೆ ಆ ಹಳೆಯ ಬಿಗಿ ಬಹುಮಟ್ಟಿಗೆ ಸಡಿಲಿತು.

ಮಧ್ಯಯುಗದ ಸಭೆಯು ಇನ್ನೊಂದು ವಿಧದಿಂದಲೂ ಈ ತೊಡಕನ್ನು ಬಿಡಿಸಿಕೊಂಡಿತು. ಪಾದ್ರಿಗಳೂ ಸಂನ್ಯಾಸಿಗಳೂ ರಕ್ತಪಾತದಿಂದ ದೂರವಿರತಕ್ಕದ್ದು, ಗೃಹಸ್ಥರು ಮಾತ್ರ ನ್ಯಾಯವಾದ ಯುದ್ಧದಲ್ಲಿ ಸೇರಬಹುದು ಎಂಬ ಎರಡು ಮಟ್ಟದ ವ್ಯವಸ್ಥೆ ಏರ್ಪಟ್ಟಿತು. ಮುನಿಗೆ ಮಹಾವ್ರತ, ಶ್ರಾವಕನಿಗೆ ಅಣುವ್ರತ ಎಂದು ವಿಭಾಗಿಸಿ, ವಿರೋಧಿಯನ್ನು ತಡೆಯುವಾಗ ಒದಗುವ ಹಿಂಸೆಯಲ್ಲಿ ಶ್ರಾವಕನಿಗೆ ರಿಯಾಯಿತಿ ತೋರುವ ಜೈನಶಾಸ್ತ್ರವನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸನ (೧೬೨೪–೧೬೯೧) ಸುತ್ತ ಬೆಳೆದ ಮಿತ್ರಸಮಾಜ, ಎಂದರೆ ಕ್ವೇಕರ್ ಪಂಥ, ನಿರಾಕರಿಸಿದ್ದು ಈ ವಿಭಾಗವನ್ನೇ. ಅವರಲ್ಲಿ ಪಾದ್ರಿಯೇ ಇಲ್ಲ. ಆದುದರಿಂದ ಪಾದ್ರಿಯ ನಿಯಮವೆಲ್ಲ ಪ್ರತಿಯೊಬ್ಬ ಗೃಹಸ್ಥನ ಮೇಲೆಯೂ ಬಿತ್ತು. ಆಣೆಯಿಡುವಂತಿಲ್ಲ, ಯಾರಿಗೂ ಟೋಪಿ ತೆಗೆಯುವಂತಿಲ್ಲ, ದೊರೆಯನ್ನೂ ಏಕವಚನದಲ್ಲಿಯೇ ಮಾತನಾಡಿಸಬೇಕು, ಆಯುಧವನ್ನು ಮುಟ್ಟುವಂತಿಲ್ಲ. ಮೊದಮೊದಲು ಕ್ರಾಂವೆಲ್ಲನ ಸೈನ್ಯದಲ್ಲಿಯೂ ಕೆಲವರು ಕ್ವೇಕರರಿದ್ದರು. ಇಂದಿನ ಗಣನೆಯಂತೆ ೧೬೬೧ರ ಜನವರಿಯಲ್ಲಿ ಎರಡನೆಯ ಚಾರ್ಲ್ಸನಿಗೆ ಒಪ್ಪಿಸಿದ ಹೇಳಿಕೆಯಿಂದ ಮುಂದೆ, ಯಾವ ಉದ್ದೇಶಕ್ಕಾಗಿಯೂ ಆಯುಧ ಹಿಡಿಯುವುದಿಲ್ಲವೆಂಬುದು ಪಂಥದ ಸ್ಥಿರವಾದ ಸಾಕ್ಷ್ಯವಾಯಿತು.

ಇವರ ಶಾಸ್ತ್ರಕಾರನಾದ ರಾಬರ್ಟ್ ಬಾರ್ಕ್ಲೆಯು ೧೬೭೬ರಲ್ಲಿ ಪ್ರಕಟಿಸಿದ ಸಮರ್ಥನಗ್ರಂಥದಲ್ಲಿ ಪ್ರಾಚೀನ ಸಭಾಪಿತೃಗಳ ಸಾಕ್ಷ್ಯವನ್ನು ಸಾಲಾಗಿ ಜೋಡಿಸಿ ಈ ನಿಲುವನ್ನು ಸ್ಥಾಪಿಸಿದ್ದಾನೆ. ಆದರೆ ಅಲ್ಲಿಯೇ ಅವನು ಒಂದು ಬಾಗಿಲನ್ನು ತೆರೆದಿಟ್ಟಿರುವುದನ್ನು ಗಮನಿಸಬೇಕು. ಇಂದಿನ ಕ್ರೈಸ್ತ ಪ್ರಭುಗಳು ಇನ್ನೂ ಆ ಪರಿಶುದ್ಧ ಸ್ಥಿತಿಗೆ ಏರಿಲ್ಲ. ಅಂಥವರು ನ್ಯಾಯವಾದ ಕಾರಣಕ್ಕೆ ಮಾಡುವ ಯುದ್ಧವನ್ನು ಅವರ ಮಟ್ಟಿಗೆ ಸರ್ವಥಾ ನಿಷಿದ್ಧವೆಂದು ಹೇಳುವುದಿಲ್ಲ ಎಂಬುದು ಅವನ ಮಾತಿನ ಸಾರ. ರಾಜನು ಕ್ವೇಕರನಲ್ಲದಿರುವವರೆಗೆ ಇದರಿಂದ ತೊಂದರೆಯಿಲ್ಲ. ಕ್ವೇಕರನೇ ರಾಜ್ಯವನ್ನಾಳುವುದಾದರೆ ಅವನನ್ನು ಯಾವ ಮಟ್ಟದಲ್ಲಿ ಅಳೆಯಬೇಕು? ಬಾರ್ಕ್ಲೆಯು ಹೀಗೆ ಬರೆದ ಐದು ವರ್ಷಗಳಲ್ಲಿಯೇ ಈ ಪ್ರಶ್ನೆ ವಾಸ್ತವವಾಗಿ ಎದುರಾಯಿತು.

೧೬೮೧ರ ಮಾರ್ಚ್ ೪ರಂದು ಎರಡನೆಯ ಚಾರ್ಲ್ಸನು ನೌಕಾಧಿಪತಿಯೊಬ್ಬನ ಮಗನೂ ಸ್ವತಃ ಕ್ವೇಕರನೂ ಆದ ವಿಲಿಯಂ ಪೆನ್ನನಿಗೆ (೧೬೪೪–೧೭೧೮), ಅವನ ತಂದೆಗೆ ಸಲ್ಲಬೇಕಾಗಿದ್ದ ೧೬,೦೦೦ ಪೌಂಡುಗಳ ಸಾಲಕ್ಕೆ ಬದಲಾಗಿ, ಅಮೆರಿಕದ ಡೆಲವೇರ್ ನದಿಯ ಪಶ್ಚಿಮದ ವಿಶಾಲ ಭೂಭಾಗವನ್ನು ಸನ್ನದು ಮಾಡಿಕೊಟ್ಟನು. ಸನ್ನದಿನಲ್ಲಿ ಸೇನೆಯನ್ನು ಕೂಡಿಸಿ ಶತ್ರುಗಳೊಡನೆ ಯುದ್ಧಮಾಡುವ ಸೇನಾಪತಿಯ ಅಧಿಕಾರವನ್ನೂ ಪೆನ್ನನಿಗೆ ಕೊಡಲಾಗಿತ್ತು. ಬೇಡವೆಂದು ಅವನು ಹಿಂದಿರುಗಿಸಲಿಲ್ಲ; ಬಳಸಲೂ ಇಲ್ಲ. ೧೬೮೨ರ ಅಕ್ಟೋಬರಿನಲ್ಲಿ ಅಲ್ಲಿಗೆ ಬಂದ ಅವನು ಕೋಟೆಯನ್ನು ಕಟ್ಟಿಸದೆ, ದಂಡನ್ನು ಇಡದೆ, ಆ ನೆಲದ ಲೆನಾಪೆ ಜನರಿಂದ (ಆಂಗ್ಲರು ಇವರನ್ನು ಡೆಲವೇರ್ ಜನರೆಂದು ಕರೆದರು) ಭೂಮಿಯನ್ನು ಕ್ರಯಕ್ಕೆ ಕೊಂಡನು. ಶ್ಯಾಕಮ್ಯಾಕ್ಸನ್ನಿನ ಎಲ್ಮ್ ಮರದ ಕೆಳಗೆ ನಡೆಯಿತೆನ್ನುವ ಒಪ್ಪಂದದ ಕಥೆಗೆ ಲಿಖಿತ ಆಧಾರ ಉಳಿದುಬಂದಿಲ್ಲವಾದರೂ, ಆಣೆಯಿಲ್ಲದೆ ಆದ ಮತ್ತು ಮುರಿಯದೆ ಉಳಿದ ಒಪ್ಪಂದ ಇದೊಂದೇ ಎಂದು ವಾಲ್ಟೇರನು ಕೊಂಡಾಡಿದ ಮೇಲೆ ಅದು ಯೂರೋಪಿನಲ್ಲೆಲ್ಲ ಹೆಸರುವಾಸಿಯಾಯಿತು. ನೆರೆಯ ವರ್ಜೀನಿಯ ಮತ್ತು ನವ ಇಂಗ್ಲೆಂಡಿನಲ್ಲಿ ೧೬೭೦ರ ದಶಕದಲ್ಲಿ ಭೀಕರವಾದ ಕಾಳಗಗಳು ನಡೆದಿದ್ದವೆಂಬುದನ್ನು ನೆನೆದರೆ, ಪೆನ್ಸಿಲ್ವೇನಿಯದಲ್ಲಿ ೧೭೫೫ರವರೆಗೆ ಅಂಥ ಯುದ್ಧವೊಂದೂ ನಡೆಯದಿದ್ದುದು ಸಾಮಾನ್ಯ ವಿಷಯವಲ್ಲ. ಆರಿಜೆನನ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆಯನ್ನು ಕ್ವೇಕರರು ಬಯಸುವಂತಿರಲಿಲ್ಲ.

ಆದರೆ ಒಳಗೆ ಬಿರುಕುಗಳಿದ್ದವು. ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಆತ್ಮಕಥೆಯಲ್ಲಿ ಇವುಗಳನ್ನು ವಿನೋದವಾಗಿ ವರ್ಣಿಸಿದ್ದಾನೆ. ಪೆನ್ನನ ಕಾರ್ಯದರ್ಶಿಯಾದ ಜೇಮ್ಸ್ ಲೋಗನ್ನನು ತಾರುಣ್ಯದಲ್ಲಿ ಅವನ ಜೊತೆಗೆ ಹಡಗಿನಲ್ಲಿ ಬರುತ್ತಿದ್ದಾಗ ಶತ್ರುನೌಕೆಯೆಂದು ತೋರಿದ ಹಡಗೊಂದು ಬೆನ್ನಟ್ಟಿತಂತೆ. ಕ್ವೇಕರರೆಲ್ಲ ಕೆಳಗಿನ ಅಂತಸ್ತಿಗೆ ಇಳಿದರು. ಲೋಗನ್ನನೊಬ್ಬನು ಮೇಲೆಯೇ ಉಳಿದು ತೋಪಿನ ಬಳಿ ನಿಂತನು. ಬಂದದ್ದು ಮಿತ್ರನೌಕೆಯೆಂದು ತಿಳಿದ ಮೇಲೆ ಪೆನ್ನನು ಎಲ್ಲರ ಮುಂದೆ ಅವನನ್ನು ಗದರಿಸಿದನು. ಅದಕ್ಕೆ ಅವನು, ತಾನು ಸೇವಕನಾಗಿರುವಾಗ ಕೆಳಗಿಳಿಯೆಂದು ಆಜ್ಞಾಪಿಸಬಹುದಾಗಿತ್ತಲ್ಲ, ಅಪಾಯವಿದೆಯೆಂದು ತೋರುವಷ್ಟು ಹೊತ್ತು ತಾನು ಮೇಲಿರುವುದು ಒಡೆಯನಿಗೂ ಬೇಕಾಗಿಯೇ ಇತ್ತಲ್ಲ, ಎಂದು ಉತ್ತರಕೊಟ್ಟನಂತೆ. ಫ್ರಾಂಕ್ಲಿನ್ನನಿಗೆ ಕ್ವೇಕರರ ಮೇಲೆ ಅಣಕದ ದೃಷ್ಟಿಯಿತ್ತು, ನಿಜ. ಆದರೂ ಈ ಕಥೆಯನ್ನು ಲೋಗನ್ನನೇ ತನಗೆ ಹೇಳಿದನೆಂದು ಅವನು ಬರೆದಿರುವುದರಿಂದ ತಳ್ಳಿಹಾಕುವಂತಿಲ್ಲ.

ಶಾಸನಸಭೆಯ ನಡೆಯೂ ಇದನ್ನೇ ಹೋಲುತ್ತಿತ್ತು. ಇಂಗ್ಲೆಂಡಿನ ಸರಕಾರವು ಯುದ್ಧಕ್ಕಾಗಿ ಹಣ ಕೇಳಿದಾಗ ಸಭೆಯು ನೇರವಾಗಿ ನಿರಾಕರಿಸದೆ, ೧೭೧೧ರಲ್ಲಿ ಮಾಡಿದಂತೆ, ರಾಣಿಯ ಉಪಯೋಗಕ್ಕೆ ಎಂಬ ಹೆಸರಿನಲ್ಲಿ ೨,೦೦೦ ಪೌಂಡುಗಳನ್ನು ಮಂಜೂರುಮಾಡುತ್ತಿತ್ತು. ರಾಣಿ ಅದನ್ನು ಏನುಮಾಡಿದಳೆಂದು ವಿಚಾರಿಸುತ್ತಿರಲಿಲ್ಲ. ೧೭೪೫ರಲ್ಲಿ ನವ ಇಂಗ್ಲೆಂಡಿನವರು ಕೋವಿಮದ್ದಿಗಾಗಿ ನೆರವು ಕೋರಿದಾಗ ರೊಟ್ಟಿ, ಹಿಟ್ಟು, ಗೋದಿ ಮತ್ತು ಇತರ ಕಾಳುಗಳಿಗೆಂದು ಹಣ ಕೊಟ್ಟರು. ಗವರ್ನರನು ಆ ಇತರ ಕಾಳು ಕೋವಿಮದ್ದಿನ ಕಾಳೆಂದೇ ಅರ್ಥಮಾಡಿಕೊಂಡು ಕೊಂಡುಕೊಂಡನು, ಯಾರೂ ಆಕ್ಷೇಪಿಸಲಿಲ್ಲ. ಲೋಗನ್ನನು ಇಂಥ ಮರೆಮಾಚುವಿಕೆಯನ್ನು ಸಹಿಸದೆ, ರಕ್ಷಣಾಯುದ್ಧವು ನ್ಯಾಯವೆಂದೂ, ಅದನ್ನು ಒಪ್ಪದವರು ಶಾಸನಸಭೆಯನ್ನು ಬಿಟ್ಟುಕೊಡಬೇಕೆಂದೂ ೧೭೪೧ರಲ್ಲಿ ವಾರ್ಷಿಕ ಸಭೆಗೆ ಪತ್ರ ಬರೆದನು. ಅದನ್ನು ಸಭೆಯಲ್ಲಿ ಓದಿಸಲೇ ಇಲ್ಲ.

೧೭೪೭ರಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳ ಭೀತಿ ಹುಟ್ಟಿದಾಗ ವಾದವು ಬಹಿರಂಗವಾಯಿತು. ಫ್ರಾಂಕ್ಲಿನ್ನನು ಸ್ವಯಂಸೇವಕರ ರಕ್ಷಣಾಸಂಘವೊಂದನ್ನು ಕಟ್ಟಿ, ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರೆಂದು ಬರೆದಿದ್ದಾನೆ. ಫಿಲಡೆಲ್ಫಿಯದ ಪ್ರೆಸ್ಬಿಟೇರಿಯನ್ ಬೋಧಕ ಗಿಲ್ಬರ್ಟ್ ಟೆನೆಂಟನು ರಕ್ಷಣಾಯುದ್ಧವು ಧರ್ಮ್ಯವೆಂದು ಉಪದೇಶಿಸಿ ಅಚ್ಚುಮಾಡಿಸಿದನು. ಅವನ ಪಂಥದ ೧೬೪೭ರ ಪ್ರಶ್ನೋತ್ತರಮಾಲೆಯು ಕೊಲ್ಲಬಾರದೆಂಬ ಆಜ್ಞೆಯಲ್ಲಿಯೇ, ಬಲಾತ್ಕಾರಕ್ಕೆ ಎದುರಾಗಿ ಪ್ರಾಣವನ್ನು ನ್ಯಾಯವಾಗಿ ರಕ್ಷಿಸುವ ಕರ್ತವ್ಯವೂ ಅಡಗಿದೆಯೆಂದು ಬೋಧಿಸಿತ್ತು. ಆದಕಾರಣ ಟೆನೆಂಟನಿಗೆ ಇದು ರಿಯಾಯಿತಿಯಲ್ಲ, ವಿಧಿಯೇ ಆಗಿತ್ತು. ಮುಂದಿನ ವರ್ಷ ಜಾನ್ ಸ್ಮಿತ್ ಎಂಬ ತರುಣ ಕ್ವೇಕರ್ ವರ್ತಕನು ತನ್ನ ಪಂಥದ ಬೋಧನೆಯನ್ನು ಸಮರ್ಥಿಸಿ ಉತ್ತರ ಬರೆದನು. ಅದೇ ವರ್ಷದ ಕೊನೆಗೆ ಅವನು ಮದುವೆಯಾದದ್ದು ಜೇಮ್ಸ್ ಲೋಗನ್ನನ ಮಗಳನ್ನು. ಮಾವ ಅಳಿಯಂದಿರು ಈ ವಿಷಯದಲ್ಲಿ ಏನು ಮಾತನಾಡಿಕೊಂಡಿರಬಹುದೆಂದು ಊಹಿಸುವುದನ್ನು ವಾಚಕರಿಗೇ ಬಿಡುತ್ತೇವೆ.

ಈ ವಾಗ್ವಾದಗಳಲ್ಲಿ ಎರಡು ಪಕ್ಷದವರೂ ಒಂದು ಸಂಗತಿಯನ್ನು ಮರೆತಂತೆ ತೋರುತ್ತದೆ. ಪೆನ್ನನ ಕಾಲದ ಶಾಂತಿಯು ಬರಿಯ ನಂಬಿಕೆಯ ಫಲವಲ್ಲ. ಭೂಮಿಯ ವಿಷಯದಲ್ಲಿ ನಡೆಸಿದ ನ್ಯಾಯದ ಫಲವೂ ಹೌದು. ಆ ನ್ಯಾಯವು ೧೭೩೭ರ ವೇಳೆಗೆ ಕೆಟ್ಟಿತ್ತು. ಪೆನ್ನನ ಮಗನೂ, ಮುಂದೆ ಕ್ವೇಕರ್ ಪಂಥದಿಂದಲೇ ದೂರ ಸರಿದವನೂ ಆದ ಥಾಮಸ್ ಪೆನ್ನನು, ಒಬ್ಬ ಮನುಷ್ಯನು ಒಂದೂವರೆ ದಿನದಲ್ಲಿ ನಡೆಯುವಷ್ಟು ಭೂಮಿಯನ್ನು ಲೆನಾಪೆ ಜನರು ೧೬೮೬ರಲ್ಲಿಯೇ ಬಿಟ್ಟುಕೊಟ್ಟಿದ್ದರೆಂದು ಹಳೆಯ ಪತ್ರವೊಂದನ್ನು ಮುಂದಿಟ್ಟನು. ಆ ವರ್ಷದ ಸೆಪ್ಟೆಂಬರ್ ೧೯ರಂದು ಮೂವರನ್ನು ಹೊರಡಿಸಿದರು. ದಾರಿಯನ್ನು ಮೊದಲೇ ಸವರಿಡಲಾಗಿತ್ತು. ಇಬ್ಬರು ನಡುವೆ ಬಿದ್ದರು. ಎಡ್ವರ್ಡ್ ಮಾರ್ಷಲ್ ಎಂಬವನು ಅರುವತ್ತು ಮೈಲಿಗಳಿಗೂ ಮಿಕ್ಕಿ ದೂರ ಸಾಗಿದನು. ಅಲ್ಲಿಂದ ನದಿಗೆ ಎಳೆಯಬೇಕಾದ ಗೆರೆಯನ್ನು ಓರೆಯಾಗಿ ಎಳೆದು ಮತ್ತಷ್ಟು ನೆಲವನ್ನು ಸೇರಿಸಿಕೊಂಡರು. ಲೆನಾಪೆ ಜನ ಪ್ರತಿಭಟಿಸಿದಾಗ, ೧೭೪೨ರಲ್ಲಿ ಇರೊಕ್ವಾಯ್ ಒಕ್ಕೂಟದ ಮುಖಂಡರನ್ನು ಫಿಲಡೆಲ್ಫಿಯಕ್ಕೆ ಕರೆಸಿ ಅವರ ಬಾಯಿಂದಲೇ ಸ್ಥಳಬಿಡುವ ಆಜ್ಞೆಯನ್ನು ಕೊಡಿಸಲಾಯಿತು. ಈ ವ್ಯವಹಾರದಲ್ಲಿ ಲೋಗನ್ನನ ಕೈಯೂ ಇತ್ತು. ರಕ್ಷಣಾಯುದ್ಧದ ನ್ಯಾಯವನ್ನು ಅಷ್ಟು ಸ್ಪಷ್ಟವಾಗಿ ಪ್ರತಿಪಾದಿಸಿದವನೇ ಆ ಯುದ್ಧದ ಕಾರಣವನ್ನೂ ಸಿದ್ಧಪಡಿಸಿದವರಲ್ಲಿ ಒಬ್ಬನೆಂಬುದನ್ನು ಅವನ ಪರವಾದ ಲೇಖಕರು ಸಾಮಾನ್ಯವಾಗಿ ಒತ್ತಿಹೇಳುವುದಿಲ್ಲ.

೧೭೫೫ರ ಜುಲೈ ೯ರಂದು ಸೇನಾನಿ ಬ್ರಾಡಕನ ಬ್ರಿಟಿಷ್ ದಂಡು ಮೊನೊಂಗಹೀಲ ನದಿಯ ಬಳಿ ಫ್ರೆಂಚರಿಂದಲೂ ಅವರ ಮೂಲನಿವಾಸಿ ಮಿತ್ರರಿಂದಲೂ ಧ್ವಂಸವಾಯಿತು. ಆ ಶರತ್ಕಾಲದಲ್ಲಿ ಪೆನ್ಸಿಲ್ವೇನಿಯದ ಗಡಿನಾಡು ಹೊತ್ತಿಕೊಂಡಿತು. ದಾಳಿಗೆ ತುತ್ತಾದವರಲ್ಲಿ ಹೆಚ್ಚಿನವರು ಫಿಲಡೆಲ್ಫಿಯದ ಕ್ವೇಕರ್ ವರ್ತಕರಲ್ಲ. ಗಡಿಯಲ್ಲಿ ಹೊಸದಾಗಿ ಬೇಸಾಯ ಹೂಡಿದ್ದ ಬಡ ಜರ್ಮನರು ಮತ್ತು ಐರ್ಲೆಂಡಿನಿಂದ ಬಂದ ಸ್ಕಾಟ್ ಮೂಲದ ಪ್ರೆಸ್ಬಿಟೇರಿಯನರು. ಕೊಲೆಯಾದವನೊಬ್ಬನ ಶವವನ್ನು ರಕ್ತಸಿಕ್ತವಾದ ಬಟ್ಟೆಯಲ್ಲಿಯೇ ಬಂಡಿಯ ಮೇಲಿಟ್ಟು ನಗರದ ಬೀದಿಗಳಲ್ಲಿ ಮೆರೆಸಿದರೆಂದು ಜಾನ್ ವುಲ್ಮನ್ನನು ದಿನಚರಿಯಲ್ಲಿ ದಾಖಲಿಸಿದ್ದಾನೆ. ಸೆಲ್ಸಸನ ಪ್ರಶ್ನೆಯು ಹದಿನಾರು ಶತಮಾನಗಳ ಬಳಿಕ ಹೀಗೆ ಬಂಡಿಯೇರಿ ಬಂದಿತು.

ಉತ್ತರವು ಒಂದೇ ಆಗಿರಲಿಲ್ಲ. ನವೆಂಬರಿನಲ್ಲಿ ಶಾಸನಸಭೆಯು, ಅಲ್ಲಿ ಕ್ವೇಕರರೇ ಬಹುಸಂಖ್ಯಾತರಾಗಿದ್ದರೂ, ರಾಜನ ಉಪಯೋಗಕ್ಕೆ ೬೦,೦೦೦ ಪೌಂಡುಗಳನ್ನು ಮಂಜೂರುಮಾಡಿತು. ಫ್ರಾಂಕ್ಲಿನ್ನನ ಸ್ವಯಂಸೇವಕ ದಳದ ಕಾನೂನನ್ನೂ ಒಪ್ಪಿತು. ವುಲ್ಮನ್, ಆಂತೊನಿ ಬೆನೆಜೆಟ್ ಮುಂತಾದವರಿದ್ದ ಇನ್ನೊಂದು ಗುಂಪು, ಯುದ್ಧಕ್ಕಾಗಿ ಎತ್ತುವ ತೆರಿಗೆಯನ್ನು ಕೊಡುವುದೂ ಯುದ್ಧಮಾಡಿದಂತೆಯೇ ಆದುದರಿಂದ ಅದರ ಶಿಕ್ಷೆಯನ್ನು ಅನುಭವಿಸಲು ಸಿದ್ಧವೆಂದು ಪಂಥದವರಿಗೆ ಪತ್ರ ಬರೆಯಿತು. ೧೭೫೬ರ ಏಪ್ರಿಲ್ ೧೪ರಂದು ಗವರ್ನರ್ ಮಾರಿಸನು ಡೆಲವೇರ್ ಜನರ ಮೇಲೆ ಯುದ್ಧ ಸಾರಿ, ಹನ್ನೆರಡು ವಯಸ್ಸು ಮೀರಿದ ಗಂಡಸಿನ ನೆತ್ತಿಯ ಚರ್ಮಕ್ಕೆ ೧೩೦, ಹೆಂಗಸಿನದಕ್ಕೆ ೫೦ ಸ್ಪ್ಯಾನಿಷ್ ಡಾಲರುಗಳ ಬಹುಮಾನವನ್ನು ಪ್ರಕಟಿಸಿದನು. ಜೂನ್ ೪ರಂದು ಜೇಮ್ಸ್ ಪೆಂಬರ್ಟನ್ನನೂ ಇನ್ನೈವರು ಕ್ವೇಕರರೂ ಸಭೆಯಿಂದ ಹೊರಬಂದರು. ಲಂಡನಿನ ಕ್ವೇಕರರ ಒತ್ತಾಯವೂ ಇದಕ್ಕೆ ಸೇರಿತ್ತು. ಇವರು ತಾವಾಗಿ ಹೊರಬರದಿದ್ದರೆ ಪಾರ್ಲಿಮೆಂಟು ಆಣೆಯ ಕಟ್ಟಳೆಯಿಂದ ಕ್ವೇಕರರನ್ನೇ ಸಭೆಯಿಂದ ಹೊರಗಿಡುವ ಸಂಭವವಿತ್ತು. ಪಂಥದ ಬಹುಮತವು ಅಂದಿಗೆ ಮುಗಿಯಿತು.

ಈ ರಾಜೀನಾಮೆಯನ್ನು ಕೆಲವರು ತ್ಯಾಗವೆಂದು ಹೊಗಳಿದ್ದಾರೆ, ಕೆಲವರು ಪಲಾಯನವೆಂದು ಹಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ತಡವಾಗಿ ಬಂದ ಪ್ರಾಮಾಣಿಕತೆ. ತನ್ನ ಪ್ರಾಣವನ್ನು ದೇವರಿಗೆ ಒಪ್ಪಿಸುವುದಕ್ಕೂ ಬರ್ಕ್ಸ್ ಜಿಲ್ಲೆಯ ಜರ್ಮನ್ ರೈತನ ಪ್ರಾಣವನ್ನು ಫಿಲಡೆಲ್ಫಿಯದ ಪೀಠದಲ್ಲಿ ಕುಳಿತು ದೇವರಿಗೆ ಒಪ್ಪಿಸುವುದಕ್ಕೂ ವ್ಯತ್ಯಾಸವಿದೆಯೆಂಬ ಆಂಬ್ರೋಸನ ವಿವೇಚನೆಗೆ ಅವರು ಬೇರೊಂದು ದಾರಿಯಿಂದ ಬಂದು ಮುಟ್ಟಿದರೆನ್ನಬೇಕು. ಆಂಬ್ರೋಸನು ಅದರಿಂದ ಪರರಿಗಾಗಿ ಆಯುಧ ಹಿಡಿಯಬಹುದೆಂದು ನಿರ್ಣಯಿಸಿದನು. ಇವರು ಪರರ ಮೇಲಣ ಅಧಿಕಾರವನ್ನೇ ಬಿಟ್ಟುಕೊಟ್ಟರು. ಬಿಟ್ಟವರು ಸುಮ್ಮನೆ ಕುಳಿತುಕೊಳ್ಳಲಿಲ್ಲವೆಂಬುದನ್ನೂ ಹೇಳಬೇಕು. ಇಸ್ರೇಲ್ ಪೆಂಬರ್ಟನ್ನನ ಮುಂದಾಳುತನದಲ್ಲಿ ಮೂಲನಿವಾಸಿಗಳೊಡನೆ ಶಾಂತಮಾರ್ಗದಿಂದ ಸಂಧಿಮಾಡಿಸುವ ಸಂಘವೊಂದನ್ನು ಅದೇ ವರ್ಷ ಕಟ್ಟಿ, ಸ್ವಂತ ಹಣವನ್ನು ಕೂಡಿಹಾಕಿ, ಈಸ್ಟನ್ನಿನ ಸಂಧಾನಗಳಿಗೆ ಹೋಗಿ, ೧೭೩೭ರ ಮೋಸವನ್ನು ವಿಚಾರಣೆಗೆ ತರುವಂತೆ ಒತ್ತಾಯಿಸಿದರು. ಲೆನಾಪೆ ಮುಖಂಡನಾದ ಟೀಡ್ಯುಸ್ಕಂಗನು ತಾನು ನಿಂತಿದ್ದ ನೆಲವನ್ನೇ ತೋರಿಸಿ, ಅದು ತಮ್ಮಿಂದ ವಂಚನೆಯಿಂದ ಕಿತ್ತುಕೊಂಡದ್ದೆಂದು ಅಲ್ಲಿ ದೂರಿಕೊಂಡಿದ್ದನು. ೧೭೫೮ರ ಅಕ್ಟೋಬರಿನ ಈಸ್ಟನ್ ಒಪ್ಪಂದದಿಂದ ಗಡಿಯಲ್ಲಿ ಕೆಲಕಾಲ ಶಾಂತಿ ನೆಲೆಸಿತು. ಯುದ್ಧದ ಮೂಲವನ್ನು ಹುಡುಕಹೊರಟವರು ಆಯುಧವಿಲ್ಲದ ಇವರೇ ಎಂಬುದನ್ನು ಅವರ ಟೀಕಾಕಾರರೂ ಒಪ್ಪಬೇಕಾದೀತು.

ಅಹಿಂಸೆಗೆ ಹೆಸರಾಗಿದ್ದ ಇನ್ನೊಂದು ಪಂಥ ಮೊರೇವಿಯನರದು. ಲೀಹೈ ನದಿಯ ಪ್ರಾಂತದ ನಾಡೆನ್‌ಹ್ಯೂಟನ್ ಎಂಬ ಅವರ ಮಿಶನ್ ಠಾಣೆಯಲ್ಲಿ ೧೭೫೫ರ ನವೆಂಬರ್ ೨೪ರಂದು ೧೧ ಜನ ಹತರಾದರು. ಕೆಲವು ವಾರಗಳ ಬಳಿಕ ಕೋಟೆ ಕಟ್ಟಿಸಲು ಆ ದಾರಿಯಾಗಿ ಹೋದ ಫ್ರಾಂಕ್ಲಿನ್ನನು, ಅವರ ಮುಖ್ಯಸ್ಥಾನವಾದ ಬೆತ್ಲೆಹೆಮ್ಮಿನಲ್ಲಿ ಮರದ ಗೋಡೆಯನ್ನೂ ನ್ಯೂಯಾರ್ಕಿನಿಂದ ತರಿಸಿದ ಕೋವಿಗಳನ್ನೂ ಕಂಡು ಬೆರಗಾದನು. ಎತ್ತರದ ಕಲ್ಲುಮನೆಗಳ ಕಿಟಕಿಗಳ ನಡುವೆ, ಹೆಂಗಸರು ಮೇಲಿನಿಂದ ಎಸೆಯಲೆಂದು, ಕಲ್ಲುಗಳನ್ನು ಕೂಡ ಪೇರಿಸಿಟ್ಟಿದ್ದರು. ಬಿಷಪ್ ಸ್ಪಾಂಗೆನ್‌ಬರ್ಗನು, ಆಯುಧ ಹಿಡಿಯದಿರುವುದು ತಮ್ಮಲ್ಲಿ ಸ್ಥಿರವಾದ ತತ್ತ್ವವಲ್ಲ, ಪಾರ್ಲಿಮೆಂಟಿನಿಂದ ವಿನಾಯಿತಿ ಪಡೆದಾಗ ಬಹುಮಂದಿಯ ತತ್ತ್ವವೆಂದು ಭಾವಿಸಲಾಗಿತ್ತು, ಎಂದು ವಿವರಿಸಿದನಂತೆ. ಈ ಮಾತನ್ನು ನಕ್ಕು ಬಿಟ್ಟುಬಿಡುವುದು ಸುಲಭ. ಆದರೆ ಆ ಗೋಡೆಯೊಳಗೆ ಆಶ್ರಯ ಪಡೆದವರಲ್ಲಿ ಸುತ್ತಲಿನಿಂದ ಓಡಿಬಂದ ನೂರಾರು ಮಂದಿ ಇದ್ದರೆಂಬುದನ್ನು ಮರೆಯಬಾರದು.

ವುಲ್ಮನ್ನನ ವಿಷಯವಾಗಿ ಇಲ್ಲಿ ಸ್ವಲ್ಪ ವಿಸ್ತರಿಸುವುದು ಅವಶ್ಯ. ದೇವರಲ್ಲಿ ಭರವಸೆಯೆಂಬುದು ಒಬ್ಬ ವ್ಯಕ್ತಿಯಲ್ಲಿ ಹೇಗೆ ವರ್ತಿಸುತ್ತದೆಂಬುದಕ್ಕೆ ಅವನ ದಿನಚರಿಗಿಂತ ನಿಷ್ಕಪಟವಾದ ಸಾಕ್ಷ್ಯ ಆ ಕಾಲದಲ್ಲಿ ದೊರೆಯುವುದಿಲ್ಲ. ನ್ಯೂಜರ್ಸಿಯ ಮೌಂಟ್ ಹಾಲಿ ಎಂಬ ಊರಿನ ಈ ದರ್ಜಿ (೧೭೨೦–೧೭೭೨), ಗಡಿಯಲ್ಲಿ ಮತ್ತೆ ಕಾಳಗ ಹತ್ತಿದ್ದ ೧೭೬೩ರ ಬೇಸಗೆಯಲ್ಲಿ, ಸಸ್ಕ್ವಹಾನ ನದಿಯ ಮೇಲಣ ವಯಲೂಸಿಂಗ್ ಎಂಬ ಮೂಲನಿವಾಸಿಗಳ ಹಳ್ಳಿಗೆ ಆಯುಧವಿಲ್ಲದೆ ಹೊರಟನು. ದಾರಿಯಲ್ಲಿ ಒಂದು ಕಡೆ ಮನೆಯ ಬಾಗಿಲ ಬಳಿ ನಿಂತಿದ್ದವನೊಬ್ಬನು ಹೊದಿಕೆಯೊಳಗಿನಿಂದ ಕೈಗೊಡಲಿಯನ್ನು ಹೊರತೆಗೆದನು. ವುಲ್ಮನ್ನನು ಮುಂದಕ್ಕೆ ಹೋಗಿ ಸ್ನೇಹದಿಂದ ಮಾತನಾಡಿಸಿದನು. ಕೊನೆಗೆ ಅವನು ಒಳಗೆ ಬಂದು ಕುಳಿತು ಚಿಲುಮೆ ಸೇದಿದನು. ಪವಾಡದ ಕಥೆಯಾಗಿ ಹೇಳಬಹುದಾದ ಈ ಸಂದರ್ಭವನ್ನು ವುಲ್ಮನ್ನನು ಹಾಗೆ ಹೇಳಿಲ್ಲ. ಮುಂದೆ ಅಪಾಯದ ಸುದ್ದಿಗಳು ಬಂದಾಗ ತನಗೆ ಭಯವಾಯಿತೆಂದೂ, ತಾನು ಮುಂದುವರಿಯುತ್ತಿರುವುದು ದೇವರ ಪ್ರೇರಣೆಯಿಂದಲೋ ಅಥವಾ ಹಿಂದಿರುಗಿದರೆ ಜನ ಹಗುರವಾಗಿ ಕಂಡಾರೆಂಬ ಅಂಜಿಕೆಯಿಂದಲೋ ಎಂದು ರಾತ್ರಿಯೆಲ್ಲ ತನ್ನನ್ನು ಶೋಧಿಸಿಕೊಂಡೆನೆಂದೂ ಬರೆದಿದ್ದಾನೆ. ಅವನು ಒಯ್ದದ್ದು ತನ್ನೊಬ್ಬನ ಪ್ರಾಣವನ್ನು. ಮನೆಯಲ್ಲಿ ಹೆಂಡತಿ ಮಗಳು ಇದ್ದರೆಂಬುದನ್ನು ಬಿಟ್ಟರೆ, ಇನ್ನೊಬ್ಬರನ್ನು ಪಣವಾಗಿ ಒಡ್ಡಿರಲಿಲ್ಲ. ವಯಲೂಸಿಂಗಿನಲ್ಲಿ ಅವನನ್ನು ಆದರಿಸಿದ ಪಾಪುನ್ಹಾಂಕನೆಂಬ ಧರ್ಮಮುಖಂಡನು ಅದೇ ಬೇಸಗೆಯಲ್ಲಿ ಮೊರೇವಿಯನರಿಂದ ದೀಕ್ಷೆ ಪಡೆದನು.

ಆ ವರ್ಷದ ಡಿಸೆಂಬರ್ ೧೪ರಂದು ಪ್ಯಾಕ್ಸ್‌ಟನ್ ಪ್ರದೇಶದ ಗಡಿನಿವಾಸಿಗಳು ಕಾನೆಸ್ಟೋಗ ಎಂಬ ಹಳ್ಳಿಯನ್ನು ಹೊಕ್ಕು ಅಲ್ಲಿದ್ದ ಆರು ಜನ ಮೂಲನಿವಾಸಿಗಳನ್ನು ಕೊಂದರು. ಸತ್ತವರಲ್ಲಿ ೧೭೦೧ರಲ್ಲಿ ಪೆನ್ನನೊಡನೆ ಆದ ಒಪ್ಪಂದದ ಕಾಲದಲ್ಲಿ ಉಪಸ್ಥಿತನಿದ್ದ ಶೆಹೇಸನೆಂಬ ವೃದ್ಧನೂ ಇದ್ದನೆಂದು ಫ್ರಾಂಕ್ಲಿನ್ನನು ಬರೆದಿದ್ದಾನೆ. ಉಳಿದ ೧೪ ಮಂದಿಯನ್ನು ರಕ್ಷಣೆಗಾಗಿ ಲ್ಯಾಂಕಾಸ್ಟರಿನ ಕಾರಾಗೃಹದ ಕಟ್ಟಡದಲ್ಲಿ ಇರಿಸಿದ್ದರು. ಡಿಸೆಂಬರ್ ೨೭ರಂದು ಅವರನ್ನೂ, ಮಕ್ಕಳು ಸಹಿತವಾಗಿ, ಅಲ್ಲಿಯೇ ಕೊಂದರು. ಇವರು ಯಾವ ದಾಳಿಯಲ್ಲಿಯೂ ಇರಲಿಲ್ಲ. ಕೊಂದವರ ಪರವಾದವರು ಇದನ್ನೂ ಆತ್ಮರಕ್ಷಣೆಯೆಂದೇ ಕರೆದರು. ಕಾನಾನ್ಯರನ್ನು ನಿರ್ಮೂಲಮಾಡಲು ಯೆಹೋಶುವನಿಗೆ ಆಜ್ಞೆಯಾಗಿತ್ತೆಂದು ಹೇಳಿದವರೂ ಇದ್ದರು. ಕಳೆದ ಎಂಟು ವರ್ಷ ಅವರು ಅನುಭವಿಸಿದ ಸಂಕಟ ಸುಳ್ಳಲ್ಲ. ಆದರೆ ರಕ್ಷಣೆಯೆಂಬ ಪದವನ್ನು ಎಷ್ಟು ದೂರ ಎಳೆಯಬಹುದೆಂಬುದಕ್ಕೆ ಲ್ಯಾಂಕಾಸ್ಟರಿನ ಆ ಅಂಗಳವು ಸಾಕ್ಷಿ.

೧೭೬೪ರ ಫೆಬ್ರವರಿಯಲ್ಲಿ ಸುಮಾರು ೨೫೦ ಮಂದಿ ಫಿಲಡೆಲ್ಫಿಯದತ್ತ ಹೊರಟರು. ಅಲ್ಲಿಯ ಸೈನಿಕ ವಸತಿಗಳಲ್ಲಿ ಮೊರೇವಿಯನ್ ದೀಕ್ಷೆ ಪಡೆದ ಸುಮಾರು ೧೪೦ ಮೂಲನಿವಾಸಿಗಳು, ಪಾಪುನ್ಹಾಂಕನೂ ಸೇರಿ, ಸರಕಾರದ ರಕ್ಷಣೆಯಲ್ಲಿದ್ದರು. ಅವರನ್ನು ಕೊಲ್ಲಲು ದಂಡು ಬರುತ್ತಿದೆಯೆಂಬ ಸುದ್ದಿ ಮುಟ್ಟಿದ ದಿನ, ಸುಮಾರು ೨೦೦ ಕ್ವೇಕರ್ ತರುಣರು ಕೋವಿ ಹಿಡಿದು ಕಾವಲಿಗೆ ನಿಂತರು. ಮಳೆಯಲ್ಲಿ ಕೋವಿ ನೆನೆಯದಿರಲೆಂದು ಕೆಲವರು ಪ್ರಾರ್ಥನಾಮಂದಿರದಲ್ಲಿಯೇ ಆಶ್ರಯ ಪಡೆದರು. ಗಡಿಯವರು ಜರ್ಮನ್‌ಟೌನಿನಲ್ಲಿ ತಡೆದು ನಿಂತರು. ಫ್ರಾಂಕ್ಲಿನ್ ಮೊದಲಾದವರು ಹೋಗಿ ಮಾತನಾಡಿದ ಮೇಲೆ ಅಹವಾಲನ್ನು ಬರೆದುಕೊಟ್ಟು ಹಿಂದಿರುಗಿದರು. ಒಂದು ಗುಂಡೂ ಹಾರಲಿಲ್ಲ. ಆದರೆ ಮರುದಿನದಿಂದ ಹೊರಟ ಕರಪತ್ರಗಳ ಸುರಿಮಳೆಯಲ್ಲಿ, ಗಡಿಯ ಕ್ರೈಸ್ತರು ಸಾಯುತ್ತಿದ್ದಾಗ ಮುಟ್ಟದ ಕೋವಿಯನ್ನು ಈ ಜನಕ್ಕಾಗಿ ಮುಟ್ಟಿದಿರಲ್ಲ ಎಂಬ ಮೂದಲಿಕೆ ಮತ್ತೆ ಮತ್ತೆ ಬಂದಿತು.

ಮಾಸಿಕ ಸಭೆಯು ಆ ತರುಣರನ್ನು ವಿಚಾರಿಸಲು ಸಮಿತಿಯೊಂದನ್ನು ನೇಮಿಸಿತು. ಸಮಿತಿಯವರು ಮನೆಮನೆಗೆ ಹೋಗಿ ಅವರೊಡನೆ ಮಾತನಾಡಿದ ಕಾರ್ಯ ವರ್ಷಗಟ್ಟಲೆ ಎಳೆಯಿತು. ಕೆಲವರು ಪಶ್ಚಾತ್ತಾಪವನ್ನು ಸೂಚಿಸಿದರು; ಕೆಲವರು, ತಾವು ನಿಂತದ್ದು ತಮ್ಮ ರಕ್ಷಣೆಗಲ್ಲ, ಆಶ್ರಯ ಬೇಡಿಬಂದ ನಿರಾಯುಧರ ರಕ್ಷಣೆಗೆ ಎಂದು ಸಾಧಿಸಿದರು. ಹಿರಿಯರಿಗೆ ಇದನ್ನು ಒಪ್ಪುವುದೂ ಕಷ್ಟವಾಗಿತ್ತು, ಖಂಡಿಸಿ ಬಹಿಷ್ಕರಿಸುವುದೂ ಕಷ್ಟವಾಗಿತ್ತು. ಈ ಸಂಕೋಚವನ್ನು ಚಂಚಲತೆಯೆಂದು ಎಣಿಸಲು ನಾವು ಸಿದ್ಧರಿಲ್ಲ. ತರುಣರ ವಾದವು ಆಂಬ್ರೋಸನದೇ ಎಂಬುದನ್ನು ಓದುಬಲ್ಲ ಹಿರಿಯರು ಅರಿಯದಿರಲಾರರು.

ಕಾವಲಿನಲ್ಲಿದ್ದವರ ಕಥೆಯನ್ನು ಇಷ್ಟಕ್ಕೇ ಬಿಟ್ಟರೆ ಅನ್ಯಾಯವಾದೀತು. ಎಲ್ಲರ ವಾದಕ್ಕೂ ವಿಷಯವಾದ ಅವರು ತಮ್ಮ ಮಾತಿನಲ್ಲಿ ಬರೆದಿಟ್ಟದ್ದು ಬಹಳ ಕಡಮೆ. ೧೭೬೫ರ ವಸಂತದವರೆಗೆ ಆ ವಸತಿಗಳಲ್ಲಿಯೇ ಇದ್ದ ಅವರಲ್ಲಿ ೫೬ ಮಂದಿ ಸಿಡುಬಿನಿಂದಲೂ ರಕ್ತಭೇದಿಯಿಂದಲೂ ಸತ್ತರು. ಉಳಿದವರು ವಯಲೂಸಿಂಗಿಗೆ ಹೋದರು. ಅಲ್ಲಿಯ ನೆಲವೂ ಅವರದಾಗಿ ಉಳಿಯಲಿಲ್ಲ. ಡೇವಿಡ್ ಜೈಸ್‌ಬರ್ಗರ್ ಮೊದಲಾದ ಮೊರೇವಿಯನ್ ಬೋಧಕರೊಡನೆ ಪಶ್ಚಿಮಕ್ಕೆ ಸರಿದು, ಓಹಾಯೋ ಪ್ರದೇಶದ ಮಸ್ಕಿಂಗಮ್ ಕಣಿವೆಯಲ್ಲಿ ೧೭೭೨ರಲ್ಲಿ ಹೊಸ ಹಳ್ಳಿಗಳನ್ನು ಕಟ್ಟಿದರು. ಒಂದಕ್ಕೆ, ೧೭೫೫ರಲ್ಲಿ ಸುಟ್ಟುಹೋದ ಠಾಣೆಯ ಹೆಸರನ್ನೇ ಇಟ್ಟು ನಾಡೆನ್‌ಹ್ಯೂಟನ್ ಎಂದು ಕರೆದರು. ಇವರು ಯುದ್ಧಕ್ಕೆ ಸೇರುವುದಿಲ್ಲವೆಂಬ ನಿಯಮವನ್ನು ಪಾಲಿಸಿದವರು. ಅಮೆರಿಕದ ಸ್ವಾತಂತ್ರ್ಯಯುದ್ಧ ನಡೆದಾಗ ಎರಡು ಪಕ್ಷದವರಿಗೂ ಇವರ ಮೇಲೆ ಸಂಶಯ ಹುಟ್ಟಿತು. ೧೭೮೧ರಲ್ಲಿ ಬ್ರಿಟಿಷರ ಪಕ್ಷದವರು ಇವರನ್ನು ಬಲಾತ್ಕಾರದಿಂದ ಸ್ಯಾಂಡಸ್ಕಿಯ ಕಡೆಗೆ ಸಾಗಿಸಿದರು. ಆ ಚಳಿಗಾಲದಲ್ಲಿ ಹಸಿವು ತಡೆಯಲಾರದೆ, ಹೊಲದಲ್ಲಿ ಬಿಟ್ಟುಬಂದಿದ್ದ ಮುಸುಕಿನ ಜೋಳವನ್ನು ಕೊಯ್ದು ತರಲು ಕೆಲವರು ಹಿಂದಿರುಗಿದರು.

ಡೇವಿಡ್ ವಿಲಿಯಮ್ಸನ್ ಎಂಬವನ ನಾಯಕತ್ವದಲ್ಲಿ ಪೆನ್ಸಿಲ್ವೇನಿಯದ ಸ್ವಯಂಸೇವಕ ದಳವೊಂದು ೧೭೮೨ರ ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಬಂದು, ನಿಮ್ಮನ್ನು ಸುರಕ್ಷಿತವಾದ ಕಡೆಗೆ ಕರೆದೊಯ್ಯುತ್ತೇವೆಂದು ನಂಬಿಸಿತು. ಬೇಟೆಯ ಕೋವಿಗಳನ್ನು ಅವರು ತಾವಾಗಿ ಒಪ್ಪಿಸಿದರು. ಬಳಿಕ ಗಡಿಯ ದಾಳಿಗಳ ಅಪರಾಧವನ್ನು ಹೊರಿಸಿ, ಮತ ತೆಗೆದುಕೊಂಡು, ಕೊಲ್ಲುವುದೆಂದು ದಳವು ನಿರ್ಣಯಿಸಿತು. ಸಿದ್ಧರಾಗಲು ಒಂದು ರಾತ್ರಿಯ ಅವಕಾಶ ಕೇಳಿದರು, ಕೊಟ್ಟರು. ಆ ರಾತ್ರಿಯನ್ನು ಪ್ರಾರ್ಥನೆಯಲ್ಲಿಯೂ ಕೀರ್ತನೆಗಳಲ್ಲಿಯೂ ಕಳೆದರು. ಮಾರ್ಚ್ ೮ರ ಬೆಳಿಗ್ಗೆ ಎರಡು ಮನೆಗಳಿಗೆ ಒಯ್ದು, ಕೊಡತಿಯಿಂದ ತಲೆಗೆ ಹೊಡೆದು, ೯೬ ಜನರನ್ನು ಕೊಂದರು: ೨೮ ಗಂಡಸರು, ೨೯ ಹೆಂಗಸರು, ೩೯ ಮಕ್ಕಳು. ಇಬ್ಬರು ಹುಡುಗರು ತಪ್ಪಿಸಿಕೊಂಡು ಹೋಗಿ ಸುದ್ದಿ ಹೇಳಿದರು. ಈ ಕೃತ್ಯಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಮತ ಕೇಳಿದಾಗ ದಳದಲ್ಲಿ ಕೊಲೆಗೆ ಒಪ್ಪದೆ ಬೇರೆ ನಿಂತವರು ಕೆಲವರಿದ್ದರು. ಅವರು ಕೈಯೆತ್ತಿ ಹೊಡೆಯಲಿಲ್ಲ, ಹೊಡೆಯುವವರ ಕೈಯನ್ನು ಹಿಡಿಯಲೂ ಇಲ್ಲ.